ಸ್ಟೇರಿಂಗ್ ರಾಡ್‌ಗೆ ಕಲ್ಲೇಟು ತಪ್ಪಿಸಿ: ಸರಿಯಾದ ಗಾರ್ಡ್ ಆರಿಸುವುದು ಹೇಗೆ?

ಬತ್ತಿದ ಹಳ್ಳಕ್ಕೆ ಇಳಿಯುವಾಗ ಒಮ್ಮೆ ನನ್ನ ಗಾಡಿಯ ಅಡಿಯಲ್ಲಿ ‘ಠಣ್’ ಎಂದಿತು. ಗಾಡಿ ನಿಲ್ಲಲಿಲ್ಲ. ಆದರೆ ಮುಂದಿನ ಎರಡು ಚಕ್ರಗಳು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಟೈ ರಾಡ್ ಎಂಬ ಸ್ಟೇರಿಂಗಿನ ಸರಳು ಬಾಗಿತ್ತು. ಅವತ್ತು ಆಮೆಯ ಹಾಗೆ ಮನೆ ಸೇರಿದೆ. ಅದಕ್ಕೇ ಹೇಳುತ್ತೇನೆ, ಕಲ್ಲುದಾರಿಗೆ ಹೋಗುವವರು ದೀಪ, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್‌ಗಿಂತ ಮೊದಲು ಸ್ಟೇರಿಂಗ್ ಕಡೆ ನೋಡಿ.

ಗಾರ್ಡ್, ಅಂದರೆ ಕಲ್ಲೇಟು ತಡೆಯುವ ಲೋಹದ ಕವಚ, ಕೊಳ್ಳುವ ಮೊದಲು ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿಯ ಅಡಿಗೆ ಮಲಗಿ ನೋಡಿ. ಮುಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಹೊರುವ ಒಂದೇ ಅಚ್ಚು) ಇದ್ದರೆ ಎರಡೂ ಚಕ್ರಗಳನ್ನು ಜೋಡಿಸುವ ಉದ್ದನೆಯ ರಾಡ್ ಕಾಣುತ್ತದೆ. ಅದೇ ಟೈ ರಾಡ್. ಅದು ಆಕ್ಸಲ್‌ಗಿಂತ ಮುಂದಿದೆಯೋ ಹಿಂದಿದೆಯೋ ಗಮನಿಸಿ. ಮುಂದಿದ್ದರೆ ಕಲ್ಲು ನೇರವಾಗಿ ಅದಕ್ಕೇ ಬಡಿಯುತ್ತದೆ, ಬಾಗಿದರೆ ಚಕ್ರಗಳ ಮುಂಭಾಗ ಒಳಕ್ಕೆ ತಿರುಗುತ್ತದೆ. ಹಿಂದಿದ್ದರೆ ಆಕ್ಸಲ್ಲೇ ಅರ್ಧ ಕಾವಲು. ಆದರೆ ರಿವರ್ಸ್ ತೆಗೆಯುವಾಗ ಹುಷಾರು. ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗಿನ ತಿರುವನ್ನು ರಾಡ್‌ಗಳಿಗೆ ದಾಟಿಸುವ ಪೆಟ್ಟಿಗೆ), ಅದರಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್, ಸ್ಟೇರಿಂಗಿನ ಅದುರು ತಡೆಯುವ ಡ್ಯಾಂಪರ್ ಎಲ್ಲಿವೆ ಎಂದೂ ನೋಡಿಕೊಳ್ಳಿ.

ಎರಡು ಚಕ್ರಗಳೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಗಾಡಿಯಲ್ಲಿ ಸಾಮಾನ್ಯವಾಗಿ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು, ಅಂದರೆ ಸ್ಟೇರಿಂಗ್ ರ‍್ಯಾಕ್ ಇರುತ್ತದೆ. ಅದರ ರಬ್ಬರ್ ಬೂಟ್ (ಹೊರ ಮುಚ್ಚಿಗೆ) ಹರಿದರೆ ಮಣ್ಣು, ನೀರು ಒಳಗೆ ಹೋಗಿ ರ‍್ಯಾಕ್ ಕೆಡುತ್ತದೆ. ಇದಕ್ಕೆ ಇಂಜಿನ್ ಅಡಿಯಿಂದ ರ‍್ಯಾಕ್‌ವರೆಗೂ ಮುಚ್ಚುವ ಸ್ಕಿಡ್ ಪ್ಲೇಟ್ ಬೇಕು. ಪ್ಲೇಟಿನ ಬೋಲ್ಟ್‌ಗಳು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಅಥವಾ ಅದರ ಅಡ್ಡಪಟ್ಟಿಯಾದ ಕ್ರಾಸ್‌ಮೆಂಬರ್‌ಗೆ ಕೂರಬೇಕು. ಬಂಪರ್‌ಗೆ ಸುಮ್ನೆ ನೇತುಹಾಕಿದ್ದು ಕಲ್ಲಿನ ಮೇಲೆ ಗಾಡಿಯ ಭಾರ ತಡೆಯುವುದಿಲ್ಲ.

ಉಕ್ಕೋ, ಅಲ್ಯೂಮಿನಿಯಮ್ಮೋ? 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ 4 ಮಿ.ಮೀ. ಉಕ್ಕಿನದಕ್ಕಿಂತ ಹೆಚ್ಚುಕಡಿಮೆ ಅರ್ಧ ಹಗುರ. ತುಕ್ಕಿನ ಕಾಟವೂ ಕಡಿಮೆ. ಆದರೆ ಅದು ಮೆದು, ಚೂಪು ಕಲ್ಲು ಅದನ್ನು ಕೆತ್ತಿ ಕಚ್ಚಿಕೊಳ್ಳುತ್ತದೆ. ಉಕ್ಕು ಕಲ್ಲಿನ ಮೇಲೆ ಜಾರುತ್ತದೆ, ಬಾಗಿದರೆ ಸುತ್ತಿಗೆಯಲ್ಲಿ ಬಡಿದು ಸರಿಮಾಡಬಹುದು. ಬಂಡೆಗಳ ಮೇಲೆ ಜಾಸ್ತಿ ಓಡಾಡುವವರಿಗೆ ನನ್ನ ಮತ ಉಕ್ಕಿಗೇ. ಮಣ್ಣು, ಮರಳಿನ ದಾರಿಯವರಿಗೆ ಅಲ್ಯೂಮಿನಿಯಂ ಸಾಕು.

ಗಾರ್ಡಿನ ಆಕಾರವನ್ನು ಮಾತ್ರ ಎಲ್ಲಕ್ಕಿಂತ ಹೆಚ್ಚು ಗಮನಿಸಿ. ಅದರ ಮುಂದಿನ ಅಂಚು ಮೇಲಕ್ಕೆ ಬಾಗಿರಬೇಕು. ನೇರ ಅಂಚು ನೇಗಿಲಿನಂತೆ ನೆಲಕ್ಕೆ ನಾಟುತ್ತದೆ. ಬೋಲ್ಟ್ ತಲೆಗಳು ಹೊರಗೆ ಚಾಚಿದ್ದರೆ ಮೊದಲ ಕಲ್ಲಿಗೇ ಸವೆದು, ಆಮೇಲೆ ಯಾವ ಸ್ಪ್ಯಾನರ್‌ಗೂ ಸಿಗುವುದಿಲ್ಲ. ಕೆಸರು ಇಳಿಯಲು ತೂತುಗಳಿರಲಿ. ಗ್ರೀಸ್ ತುಂಬುವ ನಿಪ್ಪಲ್, ಆಯಿಲ್ ಇಳಿಸುವ ಡ್ರೈನ್ ಪ್ಲಗ್ ಕೈಗೆ ಎಟುಕಲಿ.

ರಾಡ್‌ಗೆ ಗಾರ್ಡ್ ಹಾಕುವುದಾದರೆ ಆಕ್ಸಲ್‌ಗೆ ಕೂರುವುದನ್ನೇ ಆರಿಸಿ. ಆಕ್ಸಲ್ ಮೇಲೆ ಕೆಳಗೆ ಆದರೂ ಅದು ರಾಡ್ ಜೊತೆಗೇ ಇರುತ್ತದೆ. ಚಾಸಿಗೆ ಕೂರುವುದಾದರೆ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗಲೂ ಪೂರ್ತಿ ಇಳಿದಾಗಲೂ ರಾಡ್ ಅದಕ್ಕೆ ತಾಗಬಾರದು.

ಗಾರ್ಡ್ ಕೂರಿಸಿದ ಮೇಲೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲೂ ಉಜ್ಜಬಾರದು. ಇದನ್ನು ತಪ್ಪಿಸಲೇಬೇಡಿ, ತಿರುವಿನಲ್ಲಿ ಸ್ಟೇರಿಂಗ್ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಅಲ್ವಾ?

ಬೋಲ್ಟ್ ಬಿಗಿ ಮಾಡಿ, ಬೋಲ್ಟ್ ಮತ್ತು ಪ್ಲೇಟ್ ಎರಡಕ್ಕೂ ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಕಲ್ಲುದಾರಿ ಓಡಿಸಿ ಬಂದು ಬಗ್ಗಿ ನೋಡಿ. ಗೆರೆ ತುಂಡಾಗಿದ್ದರೆ ಬೋಲ್ಟ್ ತಿರುಗಿದೆ ಎಂದೇ ಅರ್ಥ, ಮತ್ತೆ ಬಿಗಿ ಮಾಡಿ.