ತನ್ನ ಸಮಯವನ್ನು ತಾನೇ ಲೆಕ್ಕವಿಡುವ ಎಲ್‌ಇಡಿ

ಆರ್ಡುಯಿನೊ ಊನೊ (ಆರ್3) ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಒಂದೇ ಎಲ್‌ಇಡಿಯನ್ನು ಮಿನುಗಿಸಲು ಹೇಳಿದಷ್ಟು ಹೊತ್ತು ಕಾಯಿಸುವ ಡಿಲೇ ಫಂಕ್ಷನ್ ಸಾಕು. ಎರಡನೆಯದನ್ನು ಬೇರೆ ವೇಗದಲ್ಲಿ ಮಿನುಗಿಸಲು ಹೊರಟಾಗ ಆ ಉಪಾಯ ಕೈಕೊಡುತ್ತದೆ. ಡಿಲೇ ಮುಗಿಯುವವರೆಗೆ ಪ್ರೋಗ್ರಾಂ ಮುಂದಿನ ಸಾಲಿಗೆ ಹೋಗುವುದಿಲ್ಲ, ಆ ನಡುವೆ ಒತ್ತಿದ ಬಟನ್ ಕೂಡ ಅದರ ಗಮನಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಪ್ರತಿಯೊಂದು ಎಲ್‌ಇಡಿಯನ್ನೂ ಒಂದು ಆಬ್ಜೆಕ್ಟ್ (ತನ್ನ ಮಾಹಿತಿಯನ್ನೂ ಕೆಲಸಗಳನ್ನೂ ತನ್ನಲ್ಲೇ ಇಟ್ಟುಕೊಂಡ ಕೋಡಿನ ಘಟಕ) ಆಗಿ ಬರೆದು, ಅದರ ಸಮಯದ ಲೆಕ್ಕವನ್ನು ಅದಕ್ಕೇ ಒಪ್ಪಿಸುವುದು ಒಳ್ಳೆಯದು.

ಜೋಡಣೆ ಸರಳವಾಗಿದೆ. 8 ಮತ್ತು 9ನೆಯ ಪಿನ್‌ಗಳಿಂದ ತಲಾ ಒಂದು 220 ಓಮ್ ರೆಸಿಸ್ಟರ್ ಮೂಲಕ ಎಲ್‌ಇಡಿಯ ಉದ್ದ ಕಾಲಿಗೆ ತಂತಿ ಎಳೆದು, ಗಿಡ್ಡ ಕಾಲನ್ನು ಗ್ರೌಂಡ್‌ಗೆ ಸೇರಿಸಬೇಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುವುದರಿಂದ, 5 ವೋಲ್ಟ್‌ನಲ್ಲಿ ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ ಬಿದ್ದು, ಸುಮಾರು 14 ಮಿಲಿಆಂಪಿಯರ್ ಕರೆಂಟ್ ಹರಿಯುತ್ತದೆ.

ಇನ್ನು ಕ್ಲಾಸ್, ಅಂದರೆ ಇಂಥ ಆಬ್ಜೆಕ್ಟ್‌ಗಳನ್ನು ರಚಿಸುವ ಅಚ್ಚು. ಅದನ್ನು ಬ್ಲಿಂಕರ್ ಎಂದು ಕರೆಯೋಣ. ಪಿನ್ ಸಂಖ್ಯೆ, ಅವಧಿ, ಕೊನೆಯ ಬದಲಾವಣೆಯ ಸಮಯ, ಈಗಿನ ಸ್ಥಿತಿ ಎಂಬ ನಾಲ್ಕು ವೇರಿಯಬಲ್‌ಗಳನ್ನು ಹೊರಗಿನ ಕೋಡ್ ಮುಟ್ಟಲಾಗದ ಪ್ರೈವೇಟ್ ಭಾಗದಲ್ಲಿಡಿ. ಆಬ್ಜೆಕ್ಟ್ ರಚನೆಯಾಗುವಾಗ ನಡೆಯುವ ಕನ್‌ಸ್ಟ್ರಕ್ಟರ್ ಪಿನ್ನನ್ನೂ ಅವಧಿಯನ್ನೂ ಪಡೆದು ನೆನಪಿಟ್ಟುಕೊಂಡರೆ ಸಾಕು. ಪಿನ್ನನ್ನು ಔಟ್‌ಪುಟ್ ಆಗಿಸುವ ಪಿನ್‌ಮೋಡ್ ಕರೆಯನ್ನು ಅಲ್ಲಿ ಬರೆಯದೆ, ಬಿಗಿನ್ ಎಂಬ ಪ್ರತ್ಯೇಕ ಮೆಥಡ್‌ನಲ್ಲಿ (ಕ್ಲಾಸಿನೊಳಗಿನ ಫಂಕ್ಷನ್) ಬರೆಯಿರಿ. ಗ್ಲೋಬಲ್, ಅಂದರೆ ಎಲ್ಲ ಫಂಕ್ಷನ್‌ಗಳ ಹೊರಗೆ ರಚಿಸಿದ, ಆಬ್ಜೆಕ್ಟ್‌ಗಳ ಕನ್‌ಸ್ಟ್ರಕ್ಟರ್‌ಗಳು ಬೋರ್ಡಿನ ಆರಂಭಿಕ ಸಿದ್ಧತೆಗಿಂತ ಮೊದಲೇ ನಡೆಯುವುದರಿಂದ ಹಾರ್ಡ್‌ವೇರನ್ನು ಅಲ್ಲಿ ಮುಟ್ಟದಿರುವುದೇ ಕ್ಷೇಮ.

ಮುಖ್ಯ ಕೆಲಸವೆಲ್ಲ ನಡೆಯುವುದು ಅಪ್‌ಡೇಟ್ ಮೆಥಡ್‌ನಲ್ಲಿ. ಪ್ರೋಗ್ರಾಂ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡ್‌ಗಳನ್ನು ಹೇಳುವ ಮಿಲಿಸ್ ಫಂಕ್ಷನ್‌ನಿಂದ ಈಗಿನ ಸಮಯವನ್ನು ಪಡೆದು, ಅದರಿಂದ ಕೊನೆಯ ಬದಲಾವಣೆಯ ಸಮಯವನ್ನು ಕಳೆಯಬೇಕು. ಬಂದ ಉತ್ತರ ಅವಧಿಯಷ್ಟು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಸ್ಥಿತಿಯನ್ನು ತಿರುಗಿಸಿ ಡಿಜಿಟಲ್‌ರೈಟ್ ಮೂಲಕ ಪಿನ್‌ಗೆ ಕಳುಹಿಸಬೇಕು. ಬಳಿಕ ಕೊನೆಯ ಸಮಯಕ್ಕೆ ಅವಧಿಯನ್ನು ಕೂಡಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಈಗಿನ ಸಮಯವನ್ನೇ ಅಲ್ಲಿ ತುಂಬಿದರೆ ಪ್ರತಿ ಸುತ್ತಿನ ಸಣ್ಣ ತಡವೂ ಸೇರುತ್ತಾ ಹೋಗುತ್ತದೆ.

ಸಮಯ ಮತ್ತು ಅವಧಿಯ ವೇರಿಯಬಲ್‌ಗಳು ಅನ್‌ಸೈನ್ಡ್ ಲಾಂಗ್ (ಋಣ ಸಂಖ್ಯೆಗಳಿಲ್ಲದ 32 ಬಿಟ್ ಪೂರ್ಣಾಂಕ) ಆಗಿರಲೇಬೇಕು. ಈ ಊನೊದಲ್ಲಿ ಇಂಟ್ ಎಂಬ ಸಾಮಾನ್ಯ ಪೂರ್ಣಾಂಕ 16 ಬಿಟ್‌ನದು, ಹಾಗಾಗಿ 32,767 ಮಿಲಿಸೆಕೆಂಡ್, ಅಂದರೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಸಮಯಕ್ಕೇ ಅದು ತುಂಬಿಹೋಗುತ್ತದೆ. ಮಿಲಿಸ್ ಎಣಿಕೆಯೂ ಸುಮಾರು 49.7 ದಿನಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಆದರೂ ಮೇಲೆ ಹೇಳಿದಂತೆ ಕಳೆದು ಹೋಲಿಸಿದರೆ ಉತ್ತರ ತಪ್ಪುವುದಿಲ್ಲ. ಕೊನೆಯ ಸಮಯಕ್ಕೆ ಅವಧಿಯನ್ನು ಕೂಡಿಸಿ, ಬಂದದ್ದನ್ನು ಈಗಿನ ಸಮಯದೊಂದಿಗೆ ಹೋಲಿಸುವ ಕೋಡ್ ಮಾತ್ರ ಆ ಗಳಿಗೆಯಲ್ಲಿ ದಾರಿ ತಪ್ಪುತ್ತದೆ.

ಕೊನೆಗೆ 8ನೆಯ ಪಿನ್‌ಗೆ 500, 9ನೆಯದಕ್ಕೆ 370 ಮಿಲಿಸೆಕೆಂಡ್ ಕೊಟ್ಟು ಎರಡು ಆಬ್ಜೆಕ್ಟ್‌ಗಳನ್ನು ರಚಿಸಿ, ಆರಂಭದಲ್ಲಿ ಒಮ್ಮೆ ನಡೆಯುವ ಸೆಟಪ್‌ನಲ್ಲಿ ಎರಡರ ಬಿಗಿನ್ ಮತ್ತು ಮತ್ತೆ ಮತ್ತೆ ನಡೆಯುವ ಲೂಪ್‌ನಲ್ಲಿ ಎರಡರ ಅಪ್‌ಡೇಟ್ ಕರೆಯಿರಿ. ಒಂದು ದೀಪ ಉರಿಯದಿದ್ದರೆ ಕಾಲುಗಳು ಅದಲುಬದಲಾಗಿವೆಯೇ ನೋಡಿ. ಎರಡೂ ತಡವರಿಸಿದರೆ ಲೂಪ್‌ನಲ್ಲಿ ಎಲ್ಲೋ ಡಿಲೇ ಉಳಿದಿರಬಹುದು. ಮುಂದೊಮ್ಮೆ ಎಲ್‌ಇಡಿಗಳನ್ನು 5 ವೋಲ್ಟ್ ಕಡೆಯಿಂದ ಜೋಡಿಸಿ ಪಿನ್ ಲೋ (0 ವೋಲ್ಟ್) ಆದಾಗ ಉರಿಯುವಂತೆ ಮಾಡಿದರೆ, ಡಿಜಿಟಲ್‌ರೈಟ್ ಇರುವ ಆ ಒಂದು ಸಾಲನ್ನು ತಿದ್ದಿದರಾಯಿತು. ಲೂಪ್‌ನ ಒಂದು ಅಕ್ಷರವನ್ನೂ ಮುಟ್ಟಬೇಕಿಲ್ಲ.