ಹೆಡ್ ಹೆವಿನಾ, ಹೆಡ್ ಲೈಟಾ? ನನ್ನ ರಾಕೆಟ್ ನಾನು ಆರಿಸಿದ್ದು ಹೀಗೆ

ಬ್ಯಾಡ್ಮಿಂಟನ್ ಡಬಲ್ಸ್ ಆಡುವಾಗ ಜೊತೆಗಾರನ ರಾಕೆಟ್ ತಗುಲಿ ನನ್ನ ಹಳೇ ರಾಕೆಟ್ಟಿನ ಫ್ರೇಮ್ ಸೀಳಿತು. ಕಾರ್ಬನ್ ಫ್ರೇಮ್ ಒಮ್ಮೆ ಸೀಳಿತೆಂದರೆ ಗಟ್ಟಿನ (ರಾಕೆಟ್ಟಿಗೆ ಹೆಣೆಯುವ ದಾರದ) ಬಿಗಿ ತಡೆಯುವುದಿಲ್ಲ. ಹೊಸದು ತಗೊಳ್ಳಲೇಬೇಕಾಯಿತು. ಯಾವುದು ಒಳ್ಳೇದು ಅಂತ ಕೇಳಿದರೆ ಎಲ್ಲರೂ ತಮ್ಮ ಕೈಯಲ್ಲಿರುವುದನ್ನೇ ಹೇಳಿದರು. ಹಿಂದೆ ನಿಂತು ಸ್ಮ್ಯಾಷ್ ಹೊಡೆಯುವವನಿಗೆ ಒಗ್ಗಿದ್ದು, ನೆಟ್ ಹತ್ತಿರ ಓಡಾಡುವ ನನಗೂ ಒಗ್ಗಬೇಕು ಅಂತೇನಿಲ್ಲ ಅಲ್ವಾ?

ಹಾಗಾಗಿ ರಾಕೆಟ್ ನೋಡುವ ಮೊದಲು ನನ್ನ ಆಟ ನೋಡಿದೆ. ಗೆಳೆಯನೊಬ್ಬ ಫೋನಿನಲ್ಲಿ ಕೆಲವು ಗೇಮ್ ಹಿಡಿದುಕೊಟ್ಟ. ಪಾಯಿಂಟ್ ಎಲ್ಲಿ ಬರುತ್ತಿದೆ, ಎಲ್ಲಿ ಹೋಗುತ್ತಿದೆ ಅನ್ನುವುದಷ್ಟೇ ಬೇಕಿತ್ತು. ಬರುತ್ತಿದ್ದದ್ದು ಡ್ರೈವ್‌ನಲ್ಲಿ, ಅಂದರೆ ನೆಟ್ ಮಟ್ಟದಲ್ಲೇ ನೇರವಾಗಿ ಹೊಡೆಯುವುದರಲ್ಲಿ, ನೆಟ್ ಮೇಲೆ ಟಪ್ ಅಂತ ಕೆಳಗೆ ಹೊಡೆಯುವುದರಲ್ಲಿ. ಹೋಗುತ್ತಿದ್ದದ್ದು ಮೈಮೇಲೆ ಬಂದ ಸ್ಮ್ಯಾಷ್‌ನಲ್ಲಿ. ಶಟಲ್ ಸೊಂಟದ ಹತ್ತಿರ ಬಂದಾಗ ರಾಕೆಟ್ ಇನ್ನೂ ಮೊಣಕಾಲ ಮಟ್ಟದಲ್ಲೇ ಇರುತ್ತಿತ್ತು. ಅಲ್ಲಿಗೆ ನನಗೆ ಬೇಕಾದದ್ದು ಬೇಗ ಏಳುವ ರಾಕೆಟ್ ಅಂತ ಗೊತ್ತಾಯಿತು.

ರಾಕೆಟ್ 680 ಮಿ.ಮೀ.ಗಿಂತ ಉದ್ದ, 230 ಮಿ.ಮೀ.ಗಿಂತ ಅಗಲ ಇರಬಾರದು ಅಂತ ಆಟದ ನಿಯಮವೇ ಇದೆ. ಆಕಾರದಲ್ಲಿ ಎಲ್ಲವೂ ಅಕ್ಕಪಕ್ಕದವೇ. ವ್ಯತ್ಯಾಸ ಇರುವುದು ತೂಕ ಎಷ್ಟು, ಆ ತೂಕ ಎಲ್ಲಿ ಕೂತಿದೆ, ಶಾಫ್ಟ್ (ತಲೆಗೂ ಹಿಡಿಗೂ ನಡುವಿನ ಕೋಲು) ಎಷ್ಟು ಬಗ್ಗುತ್ತದೆ ಅನ್ನುವುದರಲ್ಲಿ.

ತೂಕ ರಾಕೆಟ್ ಮೇಲೆಯೇ ಬರೆದಿರುತ್ತದೆ. ಯೋನೆಕ್ಸ್ ಕಂಪನಿಯ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ಅಂಕಿ ಏರಿದಷ್ಟೂ ತೂಕ ಇಳಿಯುತ್ತದೆ. ಆದರೆ ಬರೀ ತೂಕ ನೋಡಿದರೆ ಸಾಲದು. ತೂಕ ತಲೆಯ ಕಡೆ ಇದ್ದರೆ 4ಯು ರಾಕೆಟ್ ಕೂಡ ಕೈಗೆ ಭಾರ ಅನಿಸುತ್ತದೆ. ಇದನ್ನು ತಿಳಿಯೋಕೆ ರಾಕೆಟ್ಟನ್ನು ಬೆರಳ ಮೇಲೆ ಅಡ್ಡ ಮಲಗಿಸಿ, ಅತ್ತಿತ್ತ ವಾಲದೆ ನಿಲ್ಲುವ ಜಾಗ ಹುಡುಕಿದೆ. ಹಿಡಿಯ ತುದಿಯಿಂದ ಆ ಜಾಗಕ್ಕೆ ಸ್ಕೇಲ್ ಹಿಡಿದು ಅಳೆದೆ. ಸುಮಾರು 295 ಮಿ.ಮೀ. ದಾಟಿದರೆ ಹೆಡ್ ಹೆವಿ, 285ಕ್ಕಿಂತ ಕೆಳಗಿದ್ದರೆ ಹೆಡ್ ಲೈಟ್, ನಡುವೆ ಇದ್ದರೆ ಸಮ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಗಟ್ ಹಾಕಿದರೆ, ಗ್ರಿಪ್ ಸುತ್ತಿದರೆ ಈ ಅಳತೆ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಒಂದೇ ಸ್ಥಿತಿಯಲ್ಲಿರುವ ರಾಕೆಟ್‌ಗಳನ್ನೇ ಹೋಲಿಸಬೇಕು. ಯೋನೆಕ್ಸ್‌ನಲ್ಲಿ ಆಸ್ಟ್ರಾಕ್ಸ್ ಸಾಲು ಹೆಡ್ ಹೆವಿ, ನ್ಯಾನೋಫ್ಲೇರ್ ಹೆಡ್ ಲೈಟ್, ಆರ್ಕ್‌ಸೇಬರ್ ನಡುವಿನದು.

ಆಮೇಲೆ ಗೆಳೆಯರ ರಾಕೆಟ್ ಕೇಳಿ ಪಡೆದು ಆಡಿದೆ. ಅಂಗಡಿಯಲ್ಲಿ ಗಾಳಿಗೆ ಬೀಸಿ ನೋಡಿದರೆ ಎಲ್ಲವೂ ಚೆನ್ನಾಗೇ ಇರುತ್ತವೆ. ಆಟದ ಶುರುವಿನಲ್ಲೂ ಅಷ್ಟೇ. ಕೈ ಸೋತ ಮೇಲೆ, ಕೊನೆಯ ಗೇಮ್‌ನಲ್ಲಿ ಹಿಡಿದಾಗ ರಾಕೆಟ್ಟಿನ ಬಣ್ಣ ಗೊತ್ತಾಗುತ್ತದೆ. ಹೆಡ್ ಹೆವಿ ಹಿಡಿದಾಗ ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಎತ್ತಿ ಹೊಡೆಯುವ ಕ್ಲಿಯರ್ ಸುಲಭವಾಗಿ ಹೋಯಿತು. ಮೊದಲ ಸ್ಮ್ಯಾಷ್ ಕೂಡ ಜೋರಾಗಿತ್ತು. ಅದು ವಾಪಸ್ ಬಂದಾಗಲೇ ಕಷ್ಟ. ಬೀಸಿದ ತಲೆ ಕೆಳಗೆ ಹೋಗಿರುತ್ತದೆ, ಅದನ್ನು ಎಳೆದು ಮೇಲೆ ತರುವಷ್ಟರಲ್ಲಿ ಶಟಲ್ ಎದೆ ಹತ್ತಿರ ಬಂದಿರುತ್ತದೆ. ಹೆಡ್ ಲೈಟ್ ಹಿಡಿದಾಗ ಇದೇ ಹೊಡೆತಕ್ಕೆ ಮಣಿಕಟ್ಟು ತಿರುಗಿಸಿದರೆ ಸಾಕಾಗುತ್ತಿತ್ತು. ಆದರೆ ಕ್ಲಿಯರ್ ಗೆರೆಗಿಂತ ಮುಂಚೆಯೇ ಬೀಳುತ್ತಿತ್ತು, ಅದನ್ನೂ ಹೇಳಬೇಕು.

ಶಾಫ್ಟ್ ವಿಷಯದಲ್ಲಿ ಜನ ಸುಮ್ನೆ ಗಟ್ಟಿಯದರ ಹಿಂದೆ ಬೀಳುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ವೃತ್ತಿಪರರ ಕೈ ಬೀಸು ವೇಗವಾಗಿರುತ್ತದೆ, ಅಷ್ಟು ಗಟ್ಟಿ ಶಾಫ್ಟನ್ನೂ ಅವರು ಬಗ್ಗಿಸುತ್ತಾರೆ. ನಮ್ಮ ಬೀಸಿಗೆ ಅದು ಬಗ್ಗದೇ ಇದ್ದರೆ ಇಡೀ ಶಕ್ತಿ ತೋಳೇ ಕೊಡಬೇಕು. ಆಮೇಲೆ ಮೊಣಕೈ, ಭುಜ ನೋವು ಅಂತ ಕೂರಬೇಕು. ನಾನು ಮಧ್ಯಮ ಶಾಫ್ಟ್ ತಗೊಂಡೆ.

ಗಟ್ಟಿಂಗ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಕಡಿಮೆ. ಶಟಲ್‌ಗೆ ತಾಗುವುದು ಅದೇ ಆದರೂ! ಯೋನೆಕ್ಸ್‌ನದೇ ಗಟ್ ಬಿಜಿ65, ದಪ್ಪ 0.70 ಮಿ.ಮೀ., ಬಾಳಿಕೆ ಜಾಸ್ತಿ. ಬಿಜಿ66 ಅಲ್ಟಿಮ್ಯಾಕ್ಸ್ 0.65, ಶಟಲ್ ಚಿಮ್ಮುತ್ತದೆ, ಬೇಗ ಹರಿಯುತ್ತದೆ. ಬಿಗಿ ಕಡಿಮೆ ಇದ್ದರೆ ಗಟ್ಟೇ ಶಟಲನ್ನು ತಳ್ಳುತ್ತದೆ, ಸ್ವಲ್ಪ ಅಂಚಿಗೆ ತಗುಲಿದರೂ ಆಚೆ ಹೋಗುತ್ತದೆ. ಬಿಗಿ ಹೆಚ್ಚಿಸಿದರೆ ಹಿಡಿತ ಸಿಗುತ್ತದೆ, ಆದರೆ ನಡುವಿಗೇ ತಗುಲಬೇಕು. ನಾನು ಬಿಜಿ65 ಅನ್ನು 24 ಪೌಂಡ್ ಬಿಗಿಗೆ ಹಾಕಿಸಿದೆ. ಫ್ರೇಮ್ ಎಷ್ಟು ಪೌಂಡ್ ತಡೆಯುತ್ತದೆ ಅಂತ ರಾಕೆಟ್ ಮೇಲೆ ಬರೆದಿರುತ್ತದೆ, ಗಟ್ಟಿಂಗ್ ಮಾಡುವವರಿಗೆ ಕೊಡುವ ಮುಂಚೆ ಓದಿ.

ಹಿಡಿಯ ಅಳತೆ ಜಿ5. ಯೋನೆಕ್ಸ್‌ನಲ್ಲಿ ಜಿ ಮುಂದಿನ ಅಂಕಿ ದೊಡ್ಡದಾದಷ್ಟೂ ಹಿಡಿ ಸಣ್ಣ. ಸಣ್ಣದು ತಗೊಂಡು ಮೇಲೊಂದು ತೆಳು ಗ್ರಿಪ್ ಸುತ್ತುವುದು ಸುಲಭ, ದಪ್ಪ ಹಿಡಿಯನ್ನು ಕೆತ್ತೋಕಾಗುತ್ತಾ?

ಕೊನೆಗೆ ಸಮತೋಲನಕ್ಕಿಂತ ಸ್ವಲ್ಪ ಹೆಡ್ ಲೈಟ್ ಕಡೆಗೆ ವಾಲಿದ 4ಯು ರಾಕೆಟ್ ನನ್ನದಾಯಿತು. ಸ್ಮ್ಯಾಷ್‌ನ ಭಾರ ಒಂದು ಚೂರು ಕಡಿಮೆಯಾಗಿದೆ, ಜೊತೆಗಾರ ಆಗಾಗ ಕೆಣಕುತ್ತಾನೆ. ಮೈಮೇಲೆ ಬಂದ ಶಟಲ್ ಮಾತ್ರ ಈಗ ನೆಟ್ ದಾಟಿ ವಾಪಸ್ ಹೋಗುತ್ತಿದೆ. ಆಟದ ಮಧ್ಯೆ ಗಟ್ ಹರಿದರೆ ಬೇರೆ ತೂಕಕ್ಕೆ ಕೈ ಒಗ್ಗಿಸಿಕೊಳ್ಳುವ ಪಾಡು ಬೇಡ ಅಂತ, ಅದೇ ಅಳತೆಯ ಇನ್ನೊಂದನ್ನೂ ತಗೊಳ್ಳುವ ಯೋಚನೆಯಲ್ಲಿದ್ದೇನೆ.