ಸ್ಟೀರಿಯೋ ಹಾಕಿಸಿದ ಮೇಲೆ ಕಾರು ಸ್ಟಾರ್ಟ್ ಆಗ್ತಿಲ್ವಾ? ಬ್ಯಾಟರಿ ಬದಲಿಸೋ ಮುಂಚೆ ಇಷ್ಟು ನೋಡಿ

ಶನಿವಾರ ಸಂಜೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ನಮ್ಮ ಕಾರಿಗೆ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಎರಡು ದಿನ ಗಾಡಿ ತೆಗೆಯಲಿಲ್ಲ. ಮಂಗಳವಾರ ಬೆಳಿಗ್ಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಅಂತ ಬೇಸ್‌ಮೆಂಟಿಗೆ ಇಳಿದು ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಟಿಕ್. ಆಟೋ ಹಿಡಿದು ಹೋದೆವು. ಅಂಗಡಿಗೆ ಫೋನ್ ಮಾಡಿದರೆ "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ" ಅಂದರು. ನಾನು ಹಾಕಿಸಲಿಲ್ಲ. ಶನಿವಾರದವರೆಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ಅದು. ನಡುವೆ ಬದಲಾಗಿದ್ದು ಸ್ಟೀರಿಯೋ ಒಂದೇ, ಅಲ್ವಾ?

ಮೊದಲು ಪಕ್ಕದ ಮನೆಯವರ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿಕೊಳ್ಳಿ, ಅಂದರೆ ಅವರ ಬ್ಯಾಟರಿಯಿಂದ ಕೇಬಲ್ ಎಳೆದು ನಿಮ್ಮ ಗಾಡಿ ಸ್ಟಾರ್ಟ್ ಮಾಡೋದು. ಎಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಮೀಟರ್) ಹಿಡಿದರೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ತೋರಿಸಿದರೆ ಚಾರ್ಜಿಂಗ್ ಸರಿಯಾಗಿಯೇ ಇದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟ ಮೇಲೂ 12.6ರ ಹತ್ತಿರ ಇರುತ್ತದೆ. ರಾತ್ರಿ 12.6 ಇದ್ದದ್ದು ಬೆಳಿಗ್ಗೆ 12.2ಕ್ಕೆ ಇಳಿದಿದ್ದರೆ ಎಲ್ಲೋ ಕರೆಂಟ್ ಸೋರುತ್ತಿರುವ ಸಾಧ್ಯತೆಯೇ ಜಾಸ್ತಿ.

ಸೋರಿಕೆ ಹಿಡಿಯೋದು ಹೀಗೆ. ಕೀ ತೆಗೆಯಿರಿ, ಬಾನೆಟ್ ಎತ್ತಿಡಿ, ಬಾಗಿಲು, ಡಿಕ್ಕಿ ಎಲ್ಲಾ ಮುಚ್ಚಿ. 10ರ ಸ್ಪ್ಯಾನರ್‌ನಲ್ಲಿ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಬಿಚ್ಚಿದ ಕೇಬಲ್‌ಗೆ ಹಿಡಿಯಿರಿ. ಪಾಸಿಟಿವ್ ಕಡೆಗೆ ತಾಗಿಸಬೇಡಿ. ಮೀಟರ್ ಹೀಗಿರುವಾಗ ಯಾವ ಕಾರಣಕ್ಕೂ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರ್ ಸುಟ್ಟುಹೋಗುತ್ತದೆ. ಮೊದಲಿಗೆ ಜಾಸ್ತಿ ತೋರಿಸುತ್ತದೆ, ಗಾಬರಿ ಬೇಡ. ಗಾಡಿಯ ಕಂಪ್ಯೂಟರುಗಳು ನಿದ್ದೆಗೆ ಹೋಗೋಕೆ ಅರ್ಧ ಗಂಟೆ ಬೇಕಾಗಬಹುದು, ಅಷ್ಟು ಹೊತ್ತು ಕಾಯಿರಿ.

ಆಮೇಲೂ 50 ಮಿಲಿಆಂಪಿಯರ್ (ಅಂದರೆ 0.05 ಆಂಪಿಯರ್) ಒಳಗೆ ಬರದಿದ್ದರೆ ತೊಂದರೆ ಇದೆ ಅಂತಲೇ ಲೆಕ್ಕ. ನನ್ನ ಗಾಡಿಯಲ್ಲಿ 0.48 ಆಂಪಿಯರ್ ನಿಂತಿತ್ತು. ನೋಡೋಕೆ ಚಿಕ್ಕದು, ಆದರೆ ದಿನಕ್ಕೆ ಹನ್ನೊಂದೂವರೆ ಆಂಪಿಯರ್ ಅವರ್ ಆಯಿತು. ನಮ್ಮದು 35 ಆಂಪಿಯರ್ ಅವರ್ ಬ್ಯಾಟರಿ, ಎರಡೂವರೆ ದಿನದಲ್ಲಿ ಏನು ಉಳಿಯುತ್ತದೆ? ಸ್ಟೀರಿಯೋ ಫ್ಯೂಸ್ ಕಿತ್ತ ತಕ್ಷಣ 0.03ಕ್ಕೆ ಬಿತ್ತು. ಕಳ್ಳ ಸಿಕ್ಕಿದ.

ಸ್ಟೀರಿಯೋ ಜೊತೆ ಬರುವ ವೈರುಗಳಲ್ಲಿ ಸಾಮಾನ್ಯವಾಗಿ ಹಳದಿ ಯಾವಾಗಲೂ ಕರೆಂಟ್ ಇರೋದು, ಸೆಟ್ಟಿಂಗ್ ನೆನಪಿಟ್ಟುಕೊಳ್ಳೋಕೆ. ಕೆಂಪು ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪು ಅರ್ತ್. ನನಗೆ ಹಾಕಿಕೊಟ್ಟವರು ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದ್ದರು. ಕೀ ತೆಗೆದರೂ ಸ್ಕ್ರೀನ್ ಆರುತ್ತಿರಲಿಲ್ಲ, ಬಟನ್ ಒತ್ತಿ ಆರಿಸಬೇಕಿತ್ತು. "ಆಂಡ್ರಾಯ್ಡ್ ಅಂದ್ರೆ ಹಂಗೇ ಸಾರ್" ಅಂದಿದ್ದನ್ನು ನಾನೂ ನಂಬಿದ್ದೆ. ಸ್ಕ್ರೀನ್ ಮಾತ್ರ ಕಪ್ಪಾಗುತ್ತಿತ್ತು, ಒಳಗೆ ರಾತ್ರಿಯೆಲ್ಲಾ ಎಚ್ಚರವಾಗಿಯೇ ಇತ್ತು. ಕೆಂಪು ವೈರನ್ನು ಬೇರೆ ಮಾಡಿ ಕೀ ಲೈನಿಗೆ ಕೊಟ್ಟ ಮೇಲೆ ಸರಿಹೋಯಿತು. ವೈರಿಂಗ್ ಸರಿಯಿದ್ದೂ ಸೋರುತ್ತಿದ್ದರೆ ಸ್ಟೀರಿಯೋ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಟೈಮ್ ನೋಡಿ, ಕಡಿಮೆ ಮಾಡಿ.

ಬೇರೆ ತೊಂದರೆಗಳೂ ಬರುತ್ತವೆ. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಅನ್ನೋ ಸದ್ದು ಏರಿದರೆ ಅರ್ತ್ ಸಡಿಲ ಇರಬಹುದು, ಬಣ್ಣ ಕೆರೆದ ಬರೀ ಲೋಹಕ್ಕೆ ಗಟ್ಟಿಯಾಗಿ ಕೊಡಿಸಿ. ಎಫ್‌ಎಂ ಕೊರಕೊರ ಅಂದರೆ ಆಂಟೆನಾಗೆ ಕರೆಂಟ್ ಕೊಡುವ ನೀಲಿ ವೈರ್ ಬಿಟ್ಟುಹೋಗಿರಬಹುದು. ಚಾರ್ಜಿಂಗ್ ಪಾಯಿಂಟ್ ಅಥವಾ ಒಳಗಿನ ಲೈಟ್ ಸತ್ತಿದ್ದರೆ ಫ್ಯೂಸ್ ನೋಡಿ. 10 ಆಂಪಿಯರ್ ಇದ್ದ ಕಡೆ 10ನ್ನೇ ಹಾಕಿ, "20 ಹಾಕಿದ್ರೆ ಹೋಗಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಲೇಬೇಡಿ, ಫ್ಯೂಸ್ ಬದಲು ವೈರ್ ಸುಡುತ್ತದೆ. ಏರ್‌ಬ್ಯಾಗ್ ಲೈಟ್ ಉರಿಯುತ್ತಿದ್ದರೆ ನೀವು ಕೈ ಹಾಕಬೇಡಿ, ಅಂಗಡಿಯವರ ಕೈಗೂ ಕೊಡಬೇಡಿ. ಸೀದಾ ಸರ್ವಿಸ್ ಸೆಂಟರ್‌ಗೆ ಹೋಗಿ.

ಇನ್ನೂ ಹಾಕಿಸಿಲ್ಲದವರು ಕಪ್ಲರ್ (ವೈರ್ ಕತ್ತರಿಸದೆ ಗಾಡಿಯ ಸಾಕೆಟ್ಟಿಗೇ ಚುಚ್ಚುವ ಪ್ಲಗ್) ಹಾಕಿಯೇ ಕೂರಿಸಿ ಅಂತ ಹಠ ಹಿಡಿಯಿರಿ. ಗಾಡಿಯ ಒರಿಜಿನಲ್ ವೈರ್ ಕತ್ತರಿಸಿದರೆ ವಾರಂಟಿಗೂ ತಕರಾರು ಬರುತ್ತದೆ, ಬಿಸಿಲಿಗೆ ಟೇಪಿನ ಗೋಂದೂ ಕರಗಿ ಬಿಚ್ಚಿಕೊಳ್ಳುತ್ತದೆ. ದುಡ್ಡು ಕೊಡೋ ಮುಂಚೆ ಕೀ ತೆಗೆದು ಸ್ಕ್ರೀನ್ ತಾನಾಗಿ ಆರುತ್ತಾ ನೋಡಿ. ಆಮೇಲೆ ಗಾಡಿ ಲಾಕ್ ಮಾಡಿ, ಪಕ್ಕದಲ್ಲಿ ಒಂದು ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಬನ್ನಿ, ಅವರ ಎದುರಲ್ಲೇ ಮೀಟರ್ ಹಿಡಿಸಿ.